ಕಳವಳ ಏಳು

ಒಂದು ವಾಕ್ಯ ಓದಿದ ಮನುಷ್ಯ ಎಷ್ಟು ಹೆದರಿದ ಎಂಬುದನ್ನು ಅಳೆಯಲು ಬರುವಂತಿದ್ದರೆ ಏನಾದೀತು? ರಾಯಚೂರಿನ ಶಾಖ ಮುನ್ಸೂಚನಾ ಪ್ರಾಧಿಕಾರದ ಎರಡನೆಯ ಮಹಡಿಯಲ್ಲಿ ಅದನ್ನು ಒಂಬತ್ತು ವರ್ಷದಿಂದ ಅಳೆಯುತ್ತಲೇ ಇದ್ದರು. ಯಂತ್ರಕ್ಕೆ ಕಡತದಲ್ಲಿ ಉದ್ದನೆಯ ಹೆಸರೊಂದಿತ್ತು. ಕಚೇರಿಯವರು ಅದನ್ನು 'ಕಳವಳ' ಎಂದೇ ಕರೆಯುತ್ತಿದ್ದರು.

ಯಂತ್ರದ ಕೆಲಸ ಸರಳ. ಜಿಲ್ಲೆಯ ಮುನ್ನೂರು ಜನ ಮಾದರಿ ಓದುಗರ ಮಣಿಕಟ್ಟಿಗೆ ಒಂದೊಂದು ಪಟ್ಟಿ ಕಟ್ಟಿತ್ತು. ಪ್ರಕಟಣೆಯ ಕರಡು ಮೊದಲು ಅವರ ಫೋನಿಗೆ ಹೋಗುತ್ತದೆ. ಅವರು ಓದುತ್ತಾರೆ. ನಾಡಿ ಎಷ್ಟು ಏರಿತು, ಉಸಿರು ಎಲ್ಲಿ ತಡೆಯಿತು ಎಂಬುದನ್ನು ಪಟ್ಟಿ ತಿಳಿಸುತ್ತದೆ. ಎರಡು ನಿಮಿಷದಲ್ಲಿ ಸೊನ್ನೆಯಿಂದ ನೂರರೊಳಗಿನ ಒಂದು ಅಂಕಿ ಪರದೆಯ ಮೇಲೆ ಬೀಳುತ್ತದೆ. ಮೂವತ್ತು ದಾಟಿದ ವಾಕ್ಯ ಜನರಿಗೆ ಹೋಗುವಂತಿಲ್ಲ. ತಿದ್ದಬೇಕು.

ತಿದ್ದುವವಳು ನೀಲಾಂಬಿಕಾ. ಹುದ್ದೆಯ ಹೆಸರು ಲೇಖಕಿ ಮತ್ತು ಸಂಪಾದಕಿ. ವಯಸ್ಸು ಮೂವತ್ತೊಂದು. ಯಾವ ಶಬ್ದದ ಬೆಲೆ ಎಷ್ಟೆಂದು ಅವಳಿಗೆ ಬಾಯಿಪಾಠವಾಗಿತ್ತು. 'ಸಾವು' ಬಂದರೆ ಅರವತ್ತು. 'ಅಪಾಯ' ನಲವತ್ತೈದು. 'ಅಸೌಕರ್ಯ' ಎಂದರೆ ಹತ್ತು. ಕೊನೆಗೆ 'ಸಾರ್ವಜನಿಕರು ಸಹಕರಿಸಬೇಕು' ಎಂದು ಸೇರಿಸಿದರೆ ಇನ್ನೂ ಎರಡು ಇಳಿಯುತ್ತದೆ.

ಈ ನಿಯಮ ತಂದವರು ನಿರ್ದೇಶಕ ಲೋಕನಾಥ್. ಕೆಟ್ಟ ಮನುಷ್ಯರೇನಲ್ಲ. ಒಂಬತ್ತು ವರ್ಷದ ಹಿಂದೆ ಪ್ರಾಧಿಕಾರ 'ಊರು ಬಿಟ್ಟು ಹೋಗಿ, ಇಲ್ಲಿದ್ದರೆ ಸಾಯುತ್ತೀರಿ' ಎಂದೊಂದು ಸಂದೇಶ ಕಳಿಸಿತ್ತು. ರೈಲು ನಿಲ್ದಾಣದ ಮೆಟ್ಟಿಲುಗಳಲ್ಲಿ ಜನ ಜನರನ್ನೇ ತುಳಿದರು. ಹನ್ನೊಂದು ಹೆಣ. ಅದರಲ್ಲಿ ಮೂರನ್ನು ಲೋಕನಾಥ್ ತಾವೇ ಎತ್ತಿ ಕೆಳಗೆ ತಂದಿದ್ದರು. ಅಂದಿನಿಂದ ಅವರಿಗೆ ಬಿಸಿಲಿಗಿಂತ ಭಯದ ಭಯವೇ ಹೆಚ್ಚು.

ಇಷ್ಟನ್ನೂ ನೀಲಾಂಬಿಕಾ ಬಲ್ಲಳು. ಬಲ್ಲಳು ಎಂಬುದರಿಂದ ಅವಳ ದ್ವೇಷ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಮೂರು ವರ್ಷದ ಹಿಂದೆ, ಮೇ ಹತ್ತೊಂಬತ್ತರ ಬೆಳಿಗ್ಗೆ ಅವಳ ಗಂಡ ಅಮರೇಶ ಬೂಟಿನ ದಾರ ಕಟ್ಟುತ್ತ ಫೋನು ನೋಡಿದ್ದ. ಅವನು ವಿದ್ಯುತ್ ಕಂಪನಿಯಲ್ಲಿ ಕಿರಿಯ ಎಂಜಿನಿಯರ್. ಸಂದೇಶವನ್ನು ಗಟ್ಟಿಯಾಗಿ ಓದಿದ: "ಇಂದು ಮಧ್ಯಾಹ್ನದ ವೇಳೆ ವಾತಾವರಣದಲ್ಲಿ ಅಸೌಕರ್ಯ ಉಂಟಾಗುವ ಸಂಭವವಿದ್ದು, ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸಿ ಸಹಕರಿಸಬೇಕು." ಓದಿ ನಕ್ಕ. "ರಾಯಚೂರಾಗ ಹುಟ್ಟಿದವರಿಗೆ ಇದೊಂದು ಹೇಳ್ತಾರ ನೋಡು," ಎಂದು ಊಟದ ಡಬ್ಬಿ ಹಿಡಿದು ಹೋದ.

ರಾಯಚೂರು ಬಿಸಿಲು ಕಾಣದ ಊರಲ್ಲ. ನಲವತ್ತೈದು ಡಿಗ್ರಿಯ ಒಣ ಬಿಸಿಲಿನಲ್ಲಿ ಜನ ಬೆವರು ಸುರಿಸಿ ಬದುಕುತ್ತಾರೆ, ಏಕೆಂದರೆ ಬೆವರು ಆರುತ್ತದೆ, ಆರುವಾಗ ಮೈ ತಣಿಸುತ್ತದೆ. ಅಂದು ಎರಡು ನದಿಗಳ ನಡುವಿನ ಗದ್ದೆಗಳ ತೇವವೆಲ್ಲ ಗಾಳಿಗೆ ಸೇರಿತ್ತು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೇ ಮೂವತ್ತೈದರ ಹತ್ತಿರ ಬಂದು ನಿಂತಿತ್ತು. ಅಷ್ಟಾದರೆ ಬೆವರು ಆರುವುದಿಲ್ಲ. ಬಯಲಲ್ಲಿ ದುಡಿಯುವ ಗಟ್ಟಿಮುಟ್ಟಾದ ಆಳೂ ಕೆಲವೇ ತಾಸಿನಲ್ಲಿ ಒಳಗಿಂದ ಬೆಂದುಹೋಗುತ್ತಾನೆ. ಅಮರೇಶ ಲಿಂಗಸುಗೂರು ರಸ್ತೆಯಲ್ಲಿ ಕಂಬದ ಬುಡಕ್ಕೆ ಕುಸಿದಾಗ ಒಂದೂವರೆ ಗಂಟೆ. ಜಿಲ್ಲೆಯಲ್ಲಿ ಅಂದು ಸತ್ತವರು ನಲವತ್ತೊಂದು ಜನ.

ಅವಳು ಅತ್ತದ್ದನ್ನು ಯಾರೂ ಕಂಡಿಲ್ಲ. ಕನ್ನಡ ಎಂ.ಎ. ಪದವಿಯ ಪ್ರಮಾಣಪತ್ರ ತೆಗೆದು, ವರ್ಷ ತುಂಬುವಷ್ಟರಲ್ಲಿ ಪ್ರಾಧಿಕಾರದ ಹುದ್ದೆಗೆ ಅರ್ಜಿ ಹಾಕಿದಳು. ವಿಧವೆ ಎಂದು ಬರೆದಿದ್ದಳು. ಗಂಡನ ಹೆಸರನ್ನೂ ಬರೆದಿದ್ದಳು. ಯಾರೂ ಏನೂ ಕೇಳಲಿಲ್ಲ. ಆ ವಾಕ್ಯ ಬರೆದ ಕೈ ಯಾವುದೆಂದು ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಆರು ತಿಂಗಳಿಗೆ ಕಡತ ಸಿಕ್ಕಿತು. ಈಗ ನಿವೃತ್ತರಾದ ಹಳೆಯ ಸಂಪಾದಕರೊಬ್ಬರು ಮೊದಲು ಸರಿಯಾಗಿಯೇ ಬರೆದಿದ್ದರು: 'ಇಂದು ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ದುಡಿದವರು ಸಾಯಬಹುದು.' ಕಳವಳ ಎಪ್ಪತ್ತೊಂದು. ನಿರ್ದೇಶಕರ ಆದೇಶದಂತೆ ಐದು ಸಲ ತಿದ್ದಿ, ಕೊನೆಗೆ ಹನ್ನೆರಡಕ್ಕೆ ಇಳಿಸಿದ್ದರು. ಕೆಳಗೆ ಹಸಿರು ಶಾಯಿಯಲ್ಲಿ: 'ಉತ್ತಮ ಭಾಷೆ. ಹೊರಡಿಸಿ. ಲೋಕನಾಥ್.'

ಉತ್ತಮ ಭಾಷೆ. ಆ ಎರಡು ಶಬ್ದಗಳನ್ನು ಅವಳು ಮನೆಗೆ ಒಯ್ದಳು. ಅವು ಅವಳೊಂದಿಗೆ ಉಂಡವು, ಮಲಗಿದವು, ಎದ್ದವು.

ಆದರೆ ಏನು ಮಾಡುವುದೆಂದು ಹೊಳೆದಿರಲಿಲ್ಲ. ಹೊಳೆದದ್ದು ಒಂದು ಮಧ್ಯಾಹ್ನ, ಯಂತ್ರ ನೋಡಿಕೊಳ್ಳುವ ಖಾಜಾಹುಸೇನ್ ಮಾಡಿದ ಚೇಷ್ಟೆಯಿಂದ.

"ಮೇಡಂ, ಇವತ್ತು ಕರಡೇ ಇಲ್ಲ. ಈ ಮುನ್ನೂರು ಮಂದಿ ಮಕ್ಕೊಂಡಾರೋ ಎದ್ದಾರೋ ನೋಡೋಣೇನ್ರಿ? ನೀವು ಒಂದು ಬರೀರಿ. ಜಬರ್ದಸ್ತ್ ಇರಲಿ."

ಅವಳು ಬರೆದಳು: 'ಮಾದರಿ ಓದುಗರ ವಾಸದ ಮನೆಗಳನ್ನು ನಾಳೆ ಪೂರ್ವಾಹ್ನ ಹತ್ತು ಗಂಟೆಗೆ ನೆಲಸಮಗೊಳಿಸಲು ಅಗತ್ಯ ಕ್ರಮ ಕೈಗೊಳ್ಳಲಾಗುವುದು. ಸಾರ್ವಜನಿಕರು ಸಹಕರಿಸಬೇಕು.'

ಎರಡು ನಿಮಿಷ ಕಳೆಯಿತು. ಪರದೆಯ ಮೇಲೆ ಒಂಬತ್ತು ಬಿತ್ತು.

ಖಾಜಾಹುಸೇನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಫೋನಿನ ಕಡೆ ನೋಡಿದ. ಐದು ನಿಮಿಷವಾಯಿತು, ಹತ್ತಾಯಿತು. ಒಬ್ಬರೂ ಕರೆ ಮಾಡಲಿಲ್ಲ. ಅವನ ನಗು ನಿಂತಿತು.

"ಮನಿ ಕೆಡವ್ತೀವಿ ಅಂದ್ರೂ ಒಬ್ಬ ಕೇಳಲಿಲ್ಲಲ್ರಿ."

"ಕೇಳೋದಿಲ್ಲ," ಎಂದಳು ನೀಲಾಂಬಿಕಾ. "ಒಂಬತ್ತು ವರ್ಷ, ದಿನಕ್ಕ ಹನ್ನೆರಡು ಕರಡು. ಅವರು ಓದೋದು ಬಿಟ್ಟು ಯಾವ ಕಾಲ ಆತೋ. ಸರಕಾರದ ಮಾತಿನ ದನಿ ಕಿವಿಗೆ ಬಿದ್ದರ ಸಾಕು, ಎದಿ ಮಲಗಿಬಿಡ್ತದ."

ಅಂದರೆ ಯಂತ್ರ ಭಯವನ್ನು ಅಳೆಯುತ್ತಿರಲಿಲ್ಲ. ಅದು ಕಡಿಮೆ ಅಂಕಿ ಕೊಟ್ಟಿತೆಂದರೆ ಯಾರೂ ಓದಲಿಲ್ಲ ಎಂದಷ್ಟೇ ಅರ್ಥ. ಮೇ ಹತ್ತೊಂಬತ್ತರ ಸಂದೇಶಕ್ಕೆ ಬಂದ ಹನ್ನೆರಡಕ್ಕೂ ಅದೇ ಅರ್ಥ. ಈ ಭಾಷೆಯಲ್ಲಿ ಏನನ್ನು ಬೇಕಾದರೂ ಬರೆಯಬಹುದು ಎಂದು ಅವಳಿಗೆ ಅನಿಸಿದ್ದು ಆ ಗಳಿಗೆಯಲ್ಲಿ.

ಎರಡು ವಾರದ ನಂತರ ಲೋಕನಾಥ್ ಅವಳನ್ನು ಕರೆದರು. ಅವರಿಗೆ ರಾಜಧಾನಿಯಲ್ಲಿ ದೊಡ್ಡ ಹುದ್ದೆ ಖಚಿತವಾಗಿತ್ತು. ಮೇಜಿನ ಮೇಲೆ ಧೂಳು ಹಿಡಿದ ಕಡತವಿತ್ತು.

"ನೋಡಿಮ್ಮ, ಆ ಹಳೇ ನಲವತ್ತೊಂದು ಸಾವಿನ ಫೈಲು ಹಾಗೇ ಕೂತಿದೆ. ನಾನು ಹೋಗೋದರೊಳಗೆ ಮುಗಿಸಿಬಿಡಿ. ಒಂದು ಕರಡು ತೀರ್ಮಾನ ಪ್ರಕಟಿಸಿ, ಮೂವತ್ತು ದಿನ ಆಕ್ಷೇಪಣೆಗೆ ಬಿಡಿ, ಅಂತಿಮ ಮಾಡಿ. ಮಾಮೂಲಿ."

"ಏನಂತ ತೀರ್ಮಾನ ಬರೀಲಿ ಸರ್?"

"ನಿಮಗೆ ಗೊತ್ತಲ್ಲ, ಚೆನ್ನಾಗಿ ಬರೀತೀರಿ. ಕಳವಳ ಹತ್ತರೊಳಗಿರಲಿ."

ಮೂರು ದಿನ ಕೂತು ಬರೆದಳು. ಇಷ್ಟು ಶ್ರದ್ಧೆಯಿಂದ ಅವಳು ಎಂ.ಎ. ಪ್ರಬಂಧವನ್ನೂ ಬರೆದಿರಲಿಲ್ಲ. ನಾಲ್ಕನೆಯ ಪುಟದಲ್ಲಿ ಹೀಗಿತ್ತು: 'ಸದರಿ ದಿನದಂದು ಸಂಭವಿಸಿದ ನಲವತ್ತೊಂದು ಮರಣಗಳಿಗೆ, ಮೂಲ ಕರಡನ್ನು ಐದು ಬಾರಿ ದುರ್ಬಲಗೊಳಿಸಲು ಆದೇಶಿಸಿದ ನಿರ್ದೇಶಕರೇ ನೇರ ಹೊಣೆಗಾರರೆಂದು ನಿರ್ಧರಿಸಿ, ಅವರ ವಿರುದ್ಧ ಶಿಸ್ತುಕ್ರಮ ಹಾಗೂ ಮೊಕದ್ದಮೆ ಜರುಗಿಸಲು ತೀರ್ಮಾನಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನಗಳೊಳಗೆ ಕಾರಣಸಹಿತ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಈ ತೀರ್ಮಾನವು ಅಂತಿಮವೆಂದು ಭಾವಿಸತಕ್ಕದ್ದು.' ಹಿಂದೆ ಅನುಬಂಧ: ಸತ್ತವರ ಹೆಸರು, ವಯಸ್ಸು, ವಿಳಾಸ, ಸಾಯುವಾಗ ಮಾಡುತ್ತಿದ್ದ ಕೆಲಸ.

ಕಳವಳ ಏಳು.

ಲೋಕನಾಥ್ ಸಹಿ ಮಾಡುವ ಕ್ರಮವನ್ನು ಅವಳು ಎರಡು ವರ್ಷ ನೋಡಿದ್ದಳು. ಹಾಳೆಯ ಬಲಮೂಲೆಯಲ್ಲಿ ಅಂಕಿ ಇರುತ್ತದೆ. ಕಣ್ಣು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ನೇರ ಕೆಳಗೆ. ನಡುವಿನ ದಾರಿಯಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ.

"ಏಳಾ? ಭೇಷ್," ಎಂದು ಬರೆದರು: 'ಉತ್ತಮ ಭಾಷೆ. ಹೊರಡಿಸಿ.'

ಪ್ರಕಟಣೆ ಜಿಲ್ಲೆಯ ಹದಿನಾಲ್ಕು ಲಕ್ಷ ಫೋನುಗಳಿಗೆ ಹೋಯಿತು. ಒಂದು ಪ್ರತಿ ಕಚೇರಿಯ ಸೂಚನಾ ಫಲಕಕ್ಕೂ ಏರಿತು.

ಸಂಜೆ ಅತ್ತೆ ಗುರುಸಂಗಮ್ಮ ರೊಟ್ಟಿ ತಟ್ಟುತ್ತಿದ್ದಳು. ಮಗ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ಮಾತು ಕಡಿಮೆ. ಅವತ್ತು ನೀಲಾಂಬಿಕಾ ಎಲ್ಲವನ್ನೂ ಹೇಳಿದಳು.

"ಅಂದ್ರ, ಮೂವತ್ತು ದಿನ ಅಂವ ಓದಬಾರದು," ಎಂದಳು ಗುರುಸಂಗಮ್ಮ.

"ಹೂಂ ಅತ್ತಿ. ಯಾರೂ ಓದಬಾರದು. ಓದಿದ್ರ ಆಕ್ಷೇಪಣಿ ಹಾಕ್ತಾರ, ಎಲ್ಲಾ ಹಾಳಾಗ್ತದ."

"ಓದಲಿಲ್ಲಂದ್ರ?"

"ನೌಕರಿ ಹೋಗ್ತದ. ಕೋರ್ಟಿಗೆ ಹತ್ತಬೇಕು. ಜೈಲೂ ಆಗಬಹುದು. ಅವನ ಸಹಿನ ಅವನ ಮ್ಯಾಲ ಸಾಕ್ಷಿ ಹೇಳ್ತದ."

ಗುರುಸಂಗಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. "ಅಷ್ಟ ಸಾಕೇನ ನಿನಗ?"

"ಸಾಲೋದಿಲ್ಲ."

"ನನಗೂ ಸಾಲೋದಿಲ್ಲ. ಉಣ್ಣು ಬಾ."

ದಿನಗಳು ಹೋದವು. ಹದಿನಾಲ್ಕು ಲಕ್ಷ ಜನರಲ್ಲಿ ಒಬ್ಬರೂ ಓದಲಿಲ್ಲ. ಲೋಕನಾಥ್ ದಿನಾ ಆ ಫಲಕದ ಮುಂದೆ ನಿಂತು ಲಿಫ್ಟಿಗೆ ಕಾಯುತ್ತಿದ್ದರು. ತಮ್ಮ ಹೆಸರಿನಿಂದ ಒಂದು ಮೊಳ ದೂರದಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರನ್ನು ಹಾಗೆ ನೋಡುವುದು ಅವಳಿಗೆ ಒಂದು ಚಟವಾಯಿತು. ಚಹಾದ ಹೊತ್ತಿಗೆ ಸರಿಯಾಗಿ ಹೊರಗೆ ಬಂದು ನಿಲ್ಲುತ್ತಿದ್ದಳು. ಮೂರು ವರ್ಷದಿಂದ ಮರಗಟ್ಟಿದ್ದ ಎದೆಯಲ್ಲಿ ಒಂದು ಸಣ್ಣ ಚುರುಕು. ಅದಕ್ಕೆ ಸುಖವೆಂದರೂ ಸರಿಯೇ.

ಹನ್ನೆರಡನೆಯ ದಿನ ಖಾಜಾಹುಸೇನ್ ಲೋಟ ಹಿಡಿದು ಫಲಕದ ಮುಂದೆ ನಿಂತಿದ್ದ. ತುಟಿ ಅಲುಗುತ್ತಿದ್ದವು. ಅವನು ನಾಲ್ಕೂ ಪುಟ ಓದಿದ. ಕ್ಯಾಂಟೀನಿನ ತಿಂಡಿಪಟ್ಟಿಯನ್ನು ಕಿತ್ತು ತಂದು ಅದರ ಮೇಲೆ ಚುಚ್ಚಿದ.

"ಧೂಳು ಬೀಳ್ತದ್ರಿ ಮೇಡಂ. ಅದಕ್ಕ ಮುಚ್ಚೀನಿ," ಎಂದು ಹೋದ. ಮತ್ತೆಂದೂ ಆ ಮಾತೆತ್ತಲಿಲ್ಲ.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ಹವಾಮಾನ ವಿಭಾಗದಿಂದ ಚೀಟಿ ಬಂತು. ನಾಳೆ ಒದ್ದೆ ಉಷ್ಣಮಾಪಕ ಮೂವತ್ನಾಲ್ಕು ಪಾಯಿಂಟ್ ಎಂಟು. ಮೇ ಹತ್ತೊಂಬತ್ತಕ್ಕಿಂತ ಹೆಚ್ಚು.

ಅವಳ ಮುಂದೆ ಎರಡು ದಾರಿ ಬಿದ್ದವು. ಕಚೇರಿಯ ಭಾಷೆಯಲ್ಲಿ ಬರೆದರೆ ಒಂಬತ್ತು ಬರುತ್ತದೆ. ಯಾರೂ ಓದುವುದಿಲ್ಲ, ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಸುಮ್ಮನೆ ನಾಲ್ಕು ದಿನ ಕಳೆದರೆ ಲೋಕನಾಥ್ ಮುಗಿದಂತೆ. ಜನ ಓದುವ ಹಾಗೆ ಬರೆದರೆ ಕಚೇರಿಯಲ್ಲಿ ಗದ್ದಲ ಏಳುತ್ತದೆ. ಅವಳು ಬರೆದ ಒಂದೊಂದು ಹಾಳೆಯನ್ನೂ ತೆಗೆದು ನೋಡುತ್ತಾರೆ. ಫಲಕದ ಮೇಲಿನದು ಮೊದಲು ಸಿಗುತ್ತದೆ.

ಆದರೂ ಒಂದು ಮಾತು ಕೇಳಿ ನೋಡಿದಳು.

"ಸರ್, ನಾಳೆಗೆ ಸ್ವಲ್ಪ ಬಿರುಸಾಗಿ ಬರೀಲಾ? ಅರವತ್ತು ದಾಟಬಹುದು. ನೀವು ವಿಶೇಷ ಅನುಮತಿ ಕೊಟ್ಟರೆ ಹೋಗ್ತದ."

ಲೋಕನಾಥ್ ಕನ್ನಡಕ ತೆಗೆದರು. "ಆ ಮೆಟ್ಟಿಲು ನೀವು ನೋಡಿಲ್ಲಮ್ಮ. ಹೆದರಿದ ಜನ ಏನು ಮಾಡ್ತಾರೆ ಅಂತ ನನಗೆ ಗೊತ್ತು. ನಾನಿರೋವರೆಗೂ ಮೂವತ್ತು ಅಂದರೆ ಮೂವತ್ತು."

ಅವಳು ಒಂಬತ್ತರ ಹಾಳೆಯನ್ನು ಮುಂದಿಟ್ಟಳು. ಅವರು ಸಹಿ ಮಾಡಿದರು. ಬೆಳಿಗ್ಗೆ ಆರಕ್ಕೆ ಹೋಗುವಂತೆ ಯಂತ್ರದಲ್ಲಿ ಸಿದ್ಧವಾಯಿತು. ತಪ್ಪು ಅವರದು, ಸಹಿ ಅವರದು, ತನ್ನದೇನಿದೆ, ಎಂದುಕೊಳ್ಳುತ್ತ ಅವಳು ಮನೆಗೆ ನಡೆದಳು. ಹಾದಿಯುದ್ದಕ್ಕೂ ಅದನ್ನೇ ಅಂದುಕೊಂಡಳು.

ಬೆಳಗಿನ ಐದಕ್ಕೆ ಅಡುಗೆಮನೆಯಿಂದ ಅತ್ತೆ ಕರೆದಳು. ಗುರುಸಂಗಮ್ಮ ಮಡಕೆಯಲ್ಲಿ ಕೈಯಿಟ್ಟು ನಿಂತಿದ್ದಳು.

"ಮುಟ್ಟಿ ನೋಡು. ರಾತ್ರಿ ತುಂಬಿಟ್ಟ ನೀರು, ಒಂದೀಟೂ ತಣ್ಣಗಾಗಿಲ್ಲ."

ಮಡಕೆಯೂ ಮೈಯಂತೆಯೇ. ಬೆವರು ಆರಿದರಷ್ಟೇ ತಣಿಯುತ್ತದೆ.

"ಅವತ್ತೂ ಹಿಂಗ ಇತ್ತು ನೀಲಾ. ಮಡಕಿ ಕೆಟ್ಟದ ಅಂದ್ಕೊಂಡೆ. ಹೊಸಾದು ತಗೋಬೇಕು ಅಂದೆ. ಡಬ್ಬಿ ಕಟ್ಟಿ ಕಳಿಸಿದೆ." ಗುರುಸಂಗಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಇವತ್ತೂ ಅದ ಬಿಸಲೇನ?"

"ಅದಕ್ಕೂ ಹೆಚ್ಚು."

"ಏನಂತ ಬರದಿ?"

ನೀಲಾಂಬಿಕಾ ಹೇಳಿದಳು. ಅಸೌಕರ್ಯ, ಸಂಭವ, ಸಹಕರಿಸಬೇಕು. ಹೇಳುವಾಗ ಅದು ಮೇ ಹತ್ತೊಂಬತ್ತರ ವಾಕ್ಯವೇ ಎಂದು ಅವಳ ಕಿವಿಗೇ ಕೇಳಿಸಿತು.

"ನಾಕು ದಿನ ಅದ ಅತ್ತಿ. ನಾಕ ನಾಕು ದಿನ."

"ಗೊತ್ತದ. ಒಂದೊಂದು ದಿನ ಎಣಿಸೀನಿ ನಾನೂ." ಗುರುಸಂಗಮ್ಮ ಒಲೆಯ ಮುಂದೆ ಕೂತಳು. "ಇವತ್ತು ಕಂಬ ಹತ್ತವರಿಗೂ ಮನ್ಯಾಗ ಹೆಂಡತಿ ಇರ್ತಾಳ. ಅಕಿನೂ ಕಲತಾಕಿ ಇರಬಹುದು. ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಅಕಿ ಬಂದು ಕಡತ ತಗಿಸ್ತಾಳ. ಬರದ ಕೈ ಯಾರದು ಅಂತ ನೋಡ್ತಾಳ. ಯಾರ ಹೆಸರು ಸಿಗ್ತದ ಹೇಳು?"

ನೀಲಾಂಬಿಕಾ ಚಪ್ಪಲಿ ಮೆಟ್ಟಿದ್ದು ಅವಳಿಗೇ ತಿಳಿಯಲಿಲ್ಲ.

ಯಂತ್ರದ ಕೋಣೆಯಲ್ಲಿ ಐದೂವರೆಗೆ ಖಾಜಾಹುಸೇನ್ ಒಬ್ಬನೇ ಇದ್ದ. ಅವಳು ನಿಂತುಕೊಂಡೇ ಬರೆದಳು. ಯಾವ ಶಬ್ದಕ್ಕೆ ಎಷ್ಟು ಎಂದು ನೋಡಲಿಲ್ಲ.

'ನಿಮ್ಮ ಮನೆಯ ಮಡಕೆಯ ನೀರನ್ನು ಮುಟ್ಟಿ ನೋಡಿ. ಅದು ತಣ್ಣಗಾಗಿಲ್ಲ. ಇವತ್ತು ನಿಮ್ಮ ಮೈಯೂ ತಣ್ಣಗಾಗುವುದಿಲ್ಲ. ಹನ್ನೊಂದರಿಂದ ಐದರವರೆಗೆ ಕೆಲಸ ಮಾಡಿದರೆ ಸಾಯುತ್ತೀರಿ. ಎಲ್ಲಿಗೂ ಓಡಬೇಡಿ. ಇದ್ದಲ್ಲೇ ನೆರಳಿಗೆ ಹೋಗಿ ಕೂಡಿ, ಗಾಳಿ ಹಾಕಿಕೊಳ್ಳಿ, ನೀರು ಕುಡಿಯಿರಿ. ಇವತ್ತು ಕೆಲಸ ಮಾಡಿಸುವವನು ಕೊಲೆ ಮಾಡುತ್ತಾನೆ.'

ಖಾಜಾಹುಸೇನ್ ಓದಿದ. "ಇದು ಹೋಗಂಗಿಲ್ರಿ ಮೇಡಂ. ಮೂವತ್ತು ದಾಟಿದ್ರ ಯಂತ್ರಾನ ತಡೀತದ."

"ಹೊರಡಿಸೋದು ಬ್ಯಾಡ. ಪರೀಕ್ಷೆಗೆ ಕಳಸು. ಕರಡು ಓದಿಸಲಿಕ್ಕೆ ಯಾರ ಅನುಮತಿ ಬೇಕು?"

"ಯಾರದೂ ಬ್ಯಾಡ್ರಿ."

"ಮಾದರಿ ಓದುಗರು ಎಷ್ಟು ಮಂದಿ ಇರಬೇಕಂತ ನಿಯಮದಾಗ ಅದ?"

"ಕನಿಷ್ಠ ಮುನ್ನೂರು ಅಂತ ಅದ್ರಿ."

"ಗರಿಷ್ಠ?"

"ಅದು ಬರದಿಲ್ರಿ," ಎಂದ ಅವನು. ಆಮೇಲೆ ಕುರ್ಚಿ ಎಳೆದುಕೊಂಡು ಕೂತ. "ನೌಕರಿ ಹೋಗ್ತದಲ್ರಿ."

"ಹೋಗ್ತದ. ನಂದೂ ಹೋಗ್ತದ."

"ಮತ್ತ ಫಲಕದ ಮ್ಯಾಲಿಂದು? ಅದಕ್ಕಿನ್ನೂ ನಾಕು ದಿನ ಬೇಕಲ್ರಿ ನಿಮಗ."

ಅವಳು ಗೋಡೆಯ ಗಡಿಯಾರದ ಕಡೆ ಕೈ ತೋರಿಸಿದಳು. ಅವನು ಪರದೆಯ ಕಡೆ ತಿರುಗಿದ. "ನಮ್ಮ ತಮ್ಮ ಡಾಂಬರು ರಸ್ತಿ ಕೆಲಸದಾಗ ಇದ್ದಾನ್ರಿ. ಅಂವ ಜಲ್ಮದಾಗ ನನ್ನ ಮಾತು ಕೇಳಿಲ್ಲ. ನಿಮ್ಮದಾದ್ರೂ ಕೇಳ್ಯಾನೇನೋ ನೋಡೋಣ." ಮುನ್ನೂರು ಎಂದಿದ್ದ ಕಡೆ ಹದಿನಾಲ್ಕು ಲಕ್ಷ ಎಂದು ತುಂಬಿ ಗುಂಡಿ ಒತ್ತಿದ.

ಬಯಲಲ್ಲಿ ದುಡಿಯುವ ಎರಡು ಲಕ್ಷ ಜನರ ಮಣಿಕಟ್ಟಿಗೂ ಹಾಜರಿಗೆಂದು ಸರಕಾರ ಕೊಟ್ಟ ಅಂಥದೇ ಪಟ್ಟಿ ಇತ್ತು. ಅವೆಲ್ಲ ಒಮ್ಮೆಗೇ ಉತ್ತರ ಕಳಿಸತೊಡಗಿದವು. ಇಪ್ಪತ್ತು, ನಲವತ್ತು, ಅರವತ್ತೊಂದು, ಎಂಬತ್ತಮೂರು. ಜಿಲ್ಲೆಯ ಎದೆ ಹೊಡೆದುಕೊಳ್ಳುವುದನ್ನು ಇಬ್ಬರೂ ನೋಡುತ್ತ ನಿಂತರು. ಆರಕ್ಕೆ ಸಹಿಯಾದ ಸಂದೇಶವೂ ತಾನಾಗಿ ಹೋಯಿತು, ಅದನ್ನು ಯಾರೂ ಓದಲಿಲ್ಲ. ಏಳಕ್ಕೂ ಎಂಬತ್ತರ ಮೇಲೇ ಇತ್ತು. ಎಂಟಕ್ಕೆ ಲೋಕನಾಥ್ ಬಂದರು. ಮುಖ ಬಿಳುಚಿತ್ತು. ಕೂಗಲಿಲ್ಲ.

"ರೈಲು ನಿಲ್ದಾಣಕ್ಕೆ ಪೊಲೀಸರನ್ನ ಕಳಿಸಿ," ಎಂದು ಯಾರಿಗೋ ಫೋನು ಮಾಡಿದರು.

ನಿಲ್ದಾಣಕ್ಕೆ ಯಾರೂ ಬರಲಿಲ್ಲ. ಹನ್ನೊಂದಕ್ಕೆ ಅಂಕಿ ಇಳಿಯತೊಡಗಿತು. ಹನ್ನೆರಡಕ್ಕೆ ಹದಿನಾಲ್ಕು. ಹೆದರಿದವರು ಓಡಿರಲಿಲ್ಲ, ಕೂತಿದ್ದರು. ಕೂತವರ ನಾಡಿ ಮೆಲ್ಲಗೆ ನಡೆಯುತ್ತಿತ್ತು. ಒಂಬತ್ತು ವರ್ಷದ ಹಿಂದಿನ ಸಂದೇಶ ಊರು ಬಿಡಲು ಹೇಳಿತ್ತು, ಬಿಟ್ಟಿದ್ದರು. ಇದು ಕೂಡಲು ಹೇಳಿತು, ಕೂತರು. ಇಷ್ಟೇ ಇದ್ದದ್ದು.

ಆ ದಿನ ಬಿಸಿಲಿಗೆ ಸತ್ತವರು ಇಬ್ಬರು. ಒಬ್ಬರು ಹಾಸಿಗೆ ಹಿಡಿದಿದ್ದ ಮುದುಕಿ. ಇನ್ನೊಬ್ಬರು ಒಂಬತ್ತು ವರ್ಷದಿಂದ ಮಾದರಿ ಓದುಗರಾಗಿದ್ದವರು. ಬಂದದ್ದು ಪರೀಕ್ಷೆಯ ಕರಡಷ್ಟೇ ಎಂದು ಹೆಂಡತಿಗೆ ಹೇಳಿ ಹೊಲಕ್ಕೆ ಹೋಗಿದ್ದರಂತೆ.

ಸಂಜೆಯೊಳಗೆ ನೀಲಾಂಬಿಕಾ, ಖಾಜಾಹುಸೇನ್ ಇಬ್ಬರೂ ಅಮಾನತು. ದೋಷಾರೋಪಣೆ ಸಿದ್ಧಪಡಿಸಲು ಅವಳು ಬರೆದ ಎಲ್ಲ ಪ್ರಕಟಣೆಗಳನ್ನೂ ನಿರ್ದೇಶಕರು ತರಿಸಿಕೊಂಡರು. ಅವಳ ತಪ್ಪು ಹುಡುಕಬೇಕಾದ್ದರಿಂದ ಈ ಸಲ ಅವರು ಓದಲೇಬೇಕಾಯಿತು.

ಮೂವತ್ತನೆಯ ದಿನ ಮಧ್ಯಾಹ್ನ ಮೂರೂವರೆಗೆ ಮನೆಯ ಮುಂದೆ ಕಾರು ನಿಂತಿತು. ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ವಿಳಾಸದ ಚೀಟಿ ನೋಡಿ ಚಾಲಕ ಬಾಗಿಲು ತೋರಿಸಿದ, ಚೀಟಿಯನ್ನು ಸಾಹೇಬರಿಗೆ ಕೊಟ್ಟ. ಲೋಕನಾಥ್ ಒಬ್ಬರೇ ಒಳಗೆ ಬಂದರು. ಕೈಯಲ್ಲಿ ಆ ಪ್ರಕಟಣೆ. ಕುರ್ಚಿ ತೋರಿಸುವ ಮೊದಲೇ ಕೂತುಬಿಟ್ಟರು.

"ಐದೂವರೆಗೆ ಗಡುವು ಮುಗಿಯುತ್ತೆ," ಎಂದರು. "ಆಕ್ಷೇಪಣೆ ಬರೀಬೇಕು. ಬೆಳಿಗ್ಗೆಯಿಂದ ಬರೀತಾ ಇದ್ದೀನಿ ಅಮ್ಮ. ಏನು ಬರೆದರೂ ಏನೂ ಹೇಳದ ಹಾಗೇ ಬರ್ತಿದೆ. ನೀವು ಬರೆದುಕೊಡಿ. ನಿಮ್ಮಿಬ್ಬರ ಅಮಾನತು ಇವತ್ತೇ ತೆಗೆಸ್ತೀನಿ."

"ಆಕ್ಷೇಪಣಿಗೆ ಕಾರಣ ಬೇಕು ಸರ್. ಕಾರಣ ಏನಂತ ಬರೀಲಿ?"

"ನೀವು ಮೋಸ ಮಾಡಿದ್ರಿ ಅಂತ."

"ನಾಲ್ಕನೇ ಪುಟದಾಗ ಏನದ ಅದ ಬರದೀನಿ. ಮುಚ್ಚಿಟ್ಟಿಲ್ಲ. ನೀವು ಸಹಿ ಮಾಡೀರಿ. ಮೋಸ ಎಲ್ಲದ?"

ಅವರು ನೆಲ ನೋಡಿದರು. "ಓದಿರಲಿಲ್ಲ."

"ಅದನ್ನ ಬರೀತೀನಿ. 'ನಾನು ಓದದೆ ಸಹಿ ಮಾಡಿದೆ.' ಆಕ್ಷೇಪಣಿ ನಿಲ್ತದ, ನೀವು ಉಳೀತೀರಿ. ಆದ್ರ ಮುಂದ ಒಂದು ಪ್ರಶ್ನಿ ಬರ್ತದಲ್ರಿ. ಮೇ ಹತ್ತೊಂಬತ್ತರದು? 'ಉತ್ತಮ ಭಾಷೆ' ಅಂತ ಬರದಿದ್ರಿ."

ಲೋಕನಾಥ್ ಪ್ರಕಟಣೆಯನ್ನು ತೊಡೆಯ ಮೇಲಿಟ್ಟರು. "ಹನ್ನೆರಡು ಅಂತ ಇತ್ತು," ಎಂದರು. "ಅಷ್ಟು ನೋಡಿದೆ. ಅದನ್ನೂ ಓದಿರಲಿಲ್ಲ."

ನೀಲಾಂಬಿಕಾ ಗೋಡೆಗೆ ಒರಗಿದಳು. ಮೂರು ವರ್ಷ ಅವಳು ದ್ವೇಷಿಸಿದ ಮನುಷ್ಯ ಆ ವಾಕ್ಯವನ್ನು ಓದಿ, ತೂಗಿ, ಮೆಚ್ಚಿ ಕಳಿಸಿದ್ದವನು. ಅಂಥ ಮನುಷ್ಯ ಇರಲೇ ಇಲ್ಲ. ಅವಳ ಗಂಡನನ್ನು ಕೊಂದ ವಾಕ್ಯವನ್ನು ಇಡೀ ಜಗತ್ತಿನಲ್ಲಿ ಪೂರ್ತಿ ಓದಿದವನು ಅವಳ ಗಂಡನೊಬ್ಬನೇ ಇರಬೇಕು. ದ್ವೇಷ ಎಲ್ಲಿ ಕೂಡಬೇಕೆಂದು ತಿಳಿಯದೆ ಒಂದು ಕ್ಷಣ ತಡವರಿಸಿತು. ಮತ್ತೆ ಅದೇ ಕುರ್ಚಿಗೆ ಬಂದು ಕೂತಿತು, ಮೊದಲಿಗಿಂತ ಭಾರವಾಗಿ.

ಗುರುಸಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಬಂದು ಎದುರಿಗೆ ಚಾಪೆಯ ಮೇಲೆ ಕೂತಳು.

"ಸಾಹೇಬರ, ಓದಿಲ್ಲಂತೀರಿ. ಈಗರ ಓದ್ರಿ. ಹಿಂದ ಹೆಸರು ಅದಾವಂತಲ್ಲ, ಅವನ್ನ. ದೊಡ್ಡ ದನಿಲೆ ಓದ್ರಿ, ನನಗ ಅಕ್ಷರ ಬರಂಗಿಲ್ಲ. ಪೂರ್ತಿ ಓದಿದ್ರ ಇಕಿ ಬರದು ಕೊಡ್ತಾಳ."

ಲೋಕನಾಥ್ ನೀಲಾಂಬಿಕಾಳತ್ತ ನೋಡಿದರು. ಅವಳು ಪೆನ್ನಿನ ಮುಚ್ಚಳ ತೆಗೆದು ಖಾಲಿ ಹಾಳೆಯ ಮುಂದೆ ಕೂತಿದ್ದಳು. ಬರೆಯುವ ಅವಸರ ಅವಳಿಗಿರಲಿಲ್ಲ.

ಅವರು ಅನುಬಂಧ ತೆರೆದರು. ಒಂದು. ಹನುಮವ್ವ, ಐವತ್ತೆರಡು, ಇಟ್ಟಿಗೆ ಹೊರುತ್ತಿದ್ದಳು. ಎರಡು. ಚಾಂದಪಾಷಾ, ಇಪ್ಪತ್ತಾರು, ತಳ್ಳುಗಾಡಿ. ಮೊದಮೊದಲು ಬೇಗ ಬೇಗ ಓದಿದರು. ಗುರುಸಂಗಮ್ಮ "ಸಾವಕಾಶ ಓದ್ರಿ" ಎಂದಳು. ಎಂಟನೆಯದಕ್ಕೆ ದನಿ ಇಳಿಯಿತು. ಹದಿಮೂರು, ಹದಿನಾಲ್ಕನೆಯವರು ತಾಯಿ ಮತ್ತು ಮಗಳು, ಒಂದೇ ಹೊಲ. ಅಲ್ಲಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಹತ್ತೊಂಬತ್ತನೆಯದಕ್ಕೆ ಬಂದರು. "ಅಮರೇಶ, ಮೂವತ್ತಮೂರು, ವಿದ್ಯುತ್ ಕಂಬದ ದುರಸ್ತಿ." ವಿಳಾಸ ಓದತೊಡಗಿ ಬೀದಿಯ ಹೆಸರಿಗೆ ನಿಧಾನವಾದರು. ಮನೆಯ ಸಂಖ್ಯೆ ಓದಲಿಲ್ಲ. ಕಿಸೆಯಿಂದ ಚಾಲಕ ಕೊಟ್ಟಿದ್ದ ಚೀಟಿ ತೆಗೆದು ನೋಡಿದರು. ಆಮೇಲೆ ತಲೆಯೆತ್ತಿ ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು.

ಗುರುಸಂಗಮ್ಮ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಅವರು ಕುಡಿದರು. ಲೋಟ ಕೆಳಗಿಡುವವರೆಗೂ ಕಾದಳು.

"ಇಪ್ಪತ್ತನೇದು," ಎಂದಳು.